ಪಿಯಾನೊ ಇಲ್ಲದ ಜಾಜ್

ಜಾಜ್ ಎಂದರೆ ಹೋಟೆಲಿನಲ್ಲಿ ಮೆಲ್ಲಗೆ ಕೇಳಿಬರುವ ಹಿನ್ನೆಲೆ ಸಂಗೀತ ಎಂದುಕೊಂಡವರಿಗೆ ನಾನು ಮೊದಲು ಕೇಳಿಸುವುದು ಎರಿಕ್ ಡಾಲ್ಫಿಯವರ ‘ಔಟ್ ಟು ಲಂಚ್’. ಬ್ಲೂ ನೋಟ್ ಕಂಪನಿಗಾಗಿ 1964ರ ಫೆಬ್ರುವರಿ 25ರಂದು ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡ ಆಲ್ಬಂ ಇದು. ಜಾಜ್ ತಂಡಕ್ಕೆ ಸಾಮಾನ್ಯವಾಗಿ ಆಧಾರವಾಗುವ ಪಿಯಾನೊ ಇಲ್ಲಿಲ್ಲ. ಬದಲಿಗೆ ಬಾಬಿ ಹಚರ್‌ಸನ್ ಅವರ ವೈಬ್ರಾಫೋನ್ ಇದೆ. ಅದರ ಲೋಹದ ಪಟ್ಟಿಗಳಿಂದ ಹೊಮ್ಮಿದ ನಾದ ತೇಲುತ್ತಿರುವಾಗ ಸುತ್ತಲೂ ಬೇಕಾದಷ್ಟು ಬಯಲು ಉಳಿಯುತ್ತದೆ. ಡಾಲ್ಫಿ ವಿಹರಿಸುವುದು ಆ ಬಯಲಿನಲ್ಲೇ. ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರಿಗೆ ಗೌರವವಾಗಿ ಕಟ್ಟಿದ ಮೊದಲ ರಚನೆಯಲ್ಲಿ ಡಾಲ್ಫಿಯವರ ಬಾಸ್ ಕ್ಲಾರಿನೆಟ್ ಮಂದ್ರದ ಗುಡುಗಿನಿಂದ ಒಮ್ಮೆಲೇ ತಾರಸ್ಥಾಯಿಗೆ ಜಿಗಿಯುತ್ತದೆ. ಡ್ರಮ್ಸ್ ನುಡಿಸಿದ ಟೋನಿ ವಿಲಿಯಮ್ಸ್‌ಗೆ ಆಗಿನ್ನೂ 18 ವರ್ಷ. ಲಯವನ್ನು ಮುರಿದು ಮತ್ತೆ ಕಟ್ಟುವ ಅವರ ಧೈರ್ಯ ಬೆರಗು ಹುಟ್ಟಿಸುತ್ತದೆ. ಅದೇ ವರ್ಷ ಜೂನ್ 29ರಂದು ಡಾಲ್ಫಿ ತಮ್ಮ 36ನೇ ವಯಸ್ಸಿನಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು. ಆಲ್ಬಂ ಬಿಡುಗಡೆಯಾದದ್ದು ಆಮೇಲೆ. ಮೊದಲ ಸಲಕ್ಕೆ ಕಿವಿಗೆ ಒಗ್ಗದಿದ್ದರೆ ಕೈಬಿಡಬೇಡಿ. ಎರಡನೇ ಸಲ ಡ್ರಮ್ಸನ್ನಷ್ಟೇ, ಮೂರನೇ ಸಲ ರಿಚರ್ಡ್ ಡೇವಿಸ್ ಅವರ ಬಾಸನ್ನಷ್ಟೇ ಹಿಂಬಾಲಿಸಿ. ಇಷ್ಟವಾದರೆ ಒಬ್ಬ ಸ್ನೇಹಿತರಿಗಾದರೂ ಕೇಳಿಸಿ.