ಅಂಕಲ್ ಅಂದ್ರ ಯಾರು ಮಾಮಾ?

ಇಲ್ಲಿ ಏನೂ ಬರೆಯದೆ ಮೂರು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ರಾತ್ರಿ ಹತ್ತಕ್ಕೆ ಕಾಲು... ಅದೇ ಹಳೇ ಪುರಾಣ, ಬಿಡಿ. ದಸರಾ ರಜೆಗೆ ಊರಿಗೆ, ಅಂದ್ರೆ ಕಾರಟಗಿಗೆ, ಹೋಗಿದ್ದೆ. ಅಲ್ಲಿ ನಡೆದ ಒಂದು ಸಣ್ಣ ವಿಷಯ ತಲೆಯಲ್ಲೇ ಕೂತುಬಿಟ್ಟಿದೆ. ಬರೆದರೆ ಹಗುರಾದೀತು ಅಂತ ಬರೀತಿದ್ದೀನಿ.

ಅಕ್ಕನ ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ರಜೆಯ ಹೋಮ್‌ವರ್ಕ್ ಅಂತ ಒಂದು ಚಾರ್ಟ್ ಕೊಟ್ಟಿದ್ದರು. ಫ್ಯಾಮಿಲಿ ಟ್ರೀ! ಒಂದು ಗಿಡದ ಚಿತ್ರ, ಟೊಂಗಿಗೊಂದು ಡಬ್ಬಿ. ಮೇಲೆ ಗ್ರ್ಯಾಂಡ್‌ಫಾದರ್, ಗ್ರ್ಯಾಂಡ್‌ಮದರ್. ನಡುವೆ ಫಾದರ್, ಮದರ್, ಅಂಕಲ್, ಆಂಟಿ. ಕೆಳಗೆ ಬ್ರದರ್, ಸಿಸ್ಟರ್ ಮತ್ತು ಮಿ. ಡಬ್ಬಿಗೊಂದು ಫೋಟೋ ಹಚ್ಚಬೇಕು, ಹೆಸರು ಬರೀಬೇಕು.

"ಮಾಮಾ, ಅಂಕಲ್ ಅಂದ್ರ ಯಾರು?"
"ನಾನ."
"ಮತ್ತ ನಮ್ ಕಾಕಾ?"
"ಅವನೂ ಅಂಕಲ್."
"ದೊಡ್ಡಪ್ಪ?"
"ಅವರೂ."
"ಮೂರ್ ಮಂದಿ ಅದಾರ, ಡಬ್ಬಿ ಒಂದ ಐತಲ್ಲ? ಮತ್ತ ಕಿರಾಣಿ ಅಂಗಡಿ ಅಂಕಲ್?"

ಏಳು ವರ್ಷದ ಹುಡುಗಿ ಕೇಳಿದ್ದು ಸರಿಯಾಗೇ ಇತ್ತು. ನಾನೇ ನಕ್ಕು ಜಾರಿಕೊಂಡೆ.

ಅವಳ ಜೊತೆ ಓದೋ ಇನ್ನೊಂದು ಹುಡುಗಿಯೂ ಅಲ್ಲೇ ಕೂತಿದ್ದಳು. ಚಾರ್ಟು ಸುತ್ತಿ ತೊಡೆ ಮೇಲೆ ಇಟ್ಟುಕೊಂಡಿದ್ದಳು, ಬಿಚ್ಚಿರಲೇ ಇಲ್ಲ. ಅವಳ ಮನೆಯಲ್ಲಿ ಇರೋದು ಅವ್ವ ಮತ್ತು ಅಜ್ಜಿ. ಅಪ್ಪ ಇಲ್ಲ. ಯಾಕಿಲ್ಲ ಅನ್ನೋದು ಅವರ ಮನೆ ವಿಷಯ, ಇಲ್ಲಿ ಬೇಡ. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: "ಡಬ್ಬಿ ಖಾಲಿ ಬಿಟ್ರ ಮಿಸ್ ಬೈತಾರ. ನಂತೇಲಿ ಅಪ್ಪು ಫೋಟೋ ಐತ್ರಿ ಕಾಕಾ. ಅದನ್ನ ಹಚ್ಚಲೇನ್ರಿ?"

ಅಪ್ಪು ಅಂದ್ರೆ ಪುನೀತ್ ರಾಜ್‌ಕುಮಾರ್. ನಗಬೇಕೋ ಏನು ಮಾಡಬೇಕೋ ತಿಳೀಲಿಲ್ಲ.

ಯಾಕಂದ್ರೆ ಇದನ್ನು ನಾನೂ ಮಾಡಿದವನೇ. ನಮ್ಮಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ಅವ್ವ ನಮ್ಮಿಬ್ಬರನ್ನೂ ಕರಕೊಂಡು ತವರಿಗೆ ಬಂದಳು, ನಮ್ಮನ್ನು ಬೆಳೆಸಿದ್ದು ಸೋದರಮಾವ. ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರುವಾಗಿ ಸ್ವಲ್ಪ ದಿನಕ್ಕೇ 'ಮೈ ಫ್ಯಾಮಿಲಿ' ಅಂತ ಪ್ರಬಂಧ ಬಂತು. ನಾನು ಮಾವನ ಬಗ್ಗೆ ಬರೆದೆ. ಸರ್ ಕೆಂಪು ಪೆನ್ನಿನಲ್ಲಿ 'ಅಂಕಲ್' ಹೊಡೆದು 'ಫಾದರ್' ಅಂತ ತಿದ್ದಿದರು. ಅಲ್ಲಿಂದ ಮುಂದೆ ಗೈಡಿನಲ್ಲಿದ್ದದ್ದನ್ನೇ ಬಾಯಿಪಾಠ ಮಾಡಿದೆ. ಮೈ ಫಾದರ್ ಈಸ್ ಎ ಫಾರ್ಮರ್. ಐದಕ್ಕೆ ಐದು ಮಾರ್ಕ್ಸ್. ನಾನು ಇಂಗ್ಲಿಷಿನಲ್ಲಿ ಬರೆದ ಮೊದಲ ಪ್ರಬಂಧವೇ ಸುಳ್ಳು! ಮಾವನಿಗೆ ಅದನ್ನು ಓದಿ ಹೇಳು ಅಂದಾಗ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದು ಇವತ್ತಿಗೂ ನೆನಪಿದೆ.

ಆಗ ಐದನೇ ಕ್ಲಾಸು, ಈಗ ಇನ್ನೂ ಮೊದಲೇ. ೨೦೦೭-೦೮ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ೨೦೧೯-೨೦ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗವೂ ಶುರುವಾಯ್ತು. ಇಂಗ್ಲಿಷ್ ಬೇಕೋ ಬೇಡವೋ ಅನ್ನೋ ಜಗಳ ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ಬಣ್ಣ, ಹಣ್ಣು, ಪ್ರಾಣಿ ಆದಮೇಲೆ ಮಗು ಕಲಿಯೋ ಇಂಗ್ಲಿಷ್ ಅಂದ್ರೆ ಮನೆ ಮಂದಿಯ ಹೆಸರು. ಸೇಬು ಎಲ್ಲರ ಮನೆಯಲ್ಲೂ ಸೇಬೇ. ಮನೆ ಮಂದಿ ಹಾಗಲ್ಲ.

ನಮ್ಮೂರಿನ ಒಂದು ಕ್ಲಾಸ್‌ರೂಮು ನೆನೆಸಿಕೊಳ್ಳಿ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂತು, ಭತ್ತ ಬಂತು, ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಹಾಗಾಗಿ ಒಂದೇ ಬೆಂಚಿನ ಮೇಲೆ ಕ್ಯಾಂಪಿನ ತೆಲುಗು ಹುಡುಗ, ತಾಂಡಾದ ಲಂಬಾಣಿ ಹುಡುಗಿ, ಮನೆಯಲ್ಲಿ ಉರ್ದು ಮಾತಾಡೋ ಹುಡುಗ, ಮತ್ತೆ ನಮ್ಮಂಥ ಕನ್ನಡದವರು. ತೆಲುಗಿನವನಿಗೆ ಅಮ್ಮ ಅಂದ್ರೆ ಹೆತ್ತವಳು. ನಮ್ಮ ಮನೆಯಲ್ಲಿ ಅಮ್ಮ ಅಂದ್ರೆ ಅಜ್ಜಿ, ಹೆತ್ತವಳು ಅವ್ವ. ಲಂಬಾಣಿ ಹುಡುಗಿಗೆ ಅವಳು ಯಾಡಿ. ಟೀಚರ್ "ಮದರ್ ಅಂದ್ರೆ ಅಮ್ಮ" ಅಂದರೆ ಒಂದು ಕ್ಲಾಸಿನಲ್ಲಿ ಎರಡು ಅರ್ಥ ಆಗುತ್ತೆ! ಇನ್ನು ಕಸಿನ್. ಕಾಕಾನ ಮಗಳು ನನಗೆ ತಂಗಿ, ಮಾತು ಮುಗೀತು. ನನ್ನ ಗೆಳೆಯನ ಮನೆಯಲ್ಲಿ ಚಾಚಾನ ಮಗಳ ಜೊತೆ ಮದುವೆ ಆಗಬಹುದು. ಹಾಗಿರುವಾಗ "ಐ ಹ್ಯಾವ್ ಎಯ್ಟ್ ಬ್ರದರ್ಸ್" ಅಂತ ಬರೆದ ಮಗುವಿಗೆ ಇಂಟು ಮಾರ್ಕ್ ಹಾಕೋದು ಹೇಗೆ?

ಟ್ರೀ ಅನ್ನೋದೂ ಅಷ್ಟೇ. ನಮ್ಮ ಕಡೆ ಸ್ವಂತ ಸೋದರಮಾವನನ್ನೇ ಮದುವೆಯಾದ ಅವ್ವಂದಿರು ಬೇಕಾದಷ್ಟಿದ್ದಾರೆ. ಅವರ ಮಕ್ಕಳಿಗೆ ಅಪ್ಪನೇ ಅಜ್ಜಿಯ ತಮ್ಮ. ಒಂದೇ ಮನುಷ್ಯ ಎರಡು ಟೊಂಗಿ ಮೇಲೆ ಕೂರಬೇಕು. ಡೇಟಾ ಸ್ಟ್ರಕ್ಚರ್ಸ್ ಓದಿದ ಬ್ಲಾಗ್ ಮಿತ್ರರಿಗೆ ಗೊತ್ತಲ್ಲ, ಅದು ಟ್ರೀ ಅಲ್ಲ ಸ್ವಾಮಿ, ಗ್ರಾಫು :)

ಇದು ನಮ್ಮ ಹಳ್ಳಿಗರ ಗೊಂದಲ ಅಂತ ಯಾರೂ ಮೂಗು ಮುರಿಯಬೇಕಿಲ್ಲ. ಲೂಯಿಸ್ ಹೆನ್ರಿ ಮಾರ್ಗನ್ ಅನ್ನೋ ಅಮೆರಿಕದ ವಿದ್ವಾಂಸ ೧೮೭೧ರಲ್ಲಿ ಪ್ರಕಟಿಸಿದ ನೆಂಟಸ್ತಿಕೆಯ ದೊಡ್ಡ ಪುಸ್ತಕದಲ್ಲಿ ತಮಿಳು, ತೆಲುಗಿನ ಜೊತೆ ನಮ್ಮ ಕನ್ನಡದ ಪದಗಳನ್ನೂ ಪಟ್ಟಿ ಮಾಡಿದ್ದಾನೆ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ, ಅವ್ವನ ಅಕ್ಕತಂಗಿಯರು ಅವ್ವಂದಿರೇ ಅನ್ನೋ ನಮ್ಮ ಲೆಕ್ಕ ಅವನಿಗೆ ಅಮೆರಿಕದ ಮೂಲನಿವಾಸಿಗಳಲ್ಲೂ ಸಿಕ್ಕಿತ್ತು. ಇನ್ನೂ ಮಜಾ ಕೇಳಿ. 'ಅಂಕಲ್' ಪದದ ಬೇರು ಲ್ಯಾಟಿನ್ನಿನ 'ಅವುಂಕುಲುಸ್'. ಅದರ ಅರ್ಥ ತಾಯಿಯ ಸಹೋದರ ಮಾತ್ರ, ಅಪ್ಪನ ಸಹೋದರನಿಗೆ ಬೇರೆ ಪದ ಇತ್ತು. 'ಆಂಟಿ'ಯ ಬೇರು 'ಅಮಿತಾ', ಅಂದ್ರೆ ಅಪ್ಪನ ಸಹೋದರಿ. ಅಂಕಲ್ ಅಂದ್ರೆ ಸೋದರಮಾವ, ಆಂಟಿ ಅಂದ್ರೆ ಸೋದರತ್ತಿ! ನಮ್ಮಂಥದೇ ಲೆಕ್ಕ ಅವರ ಕಡೆಯೂ ಇತ್ತು, ಬರ್ತಾ ಬರ್ತಾ ಕರಗಿ ಒಂದೇ ಡಬ್ಬಿ ಆಯ್ತು. ನನ್ನ ಸರ್ ಹೊಡೆದು ಹಾಕಿದ ಆ ಪದ, ನಮ್ಮ ಮಾವನಿಗೆ ಅಷ್ಟು ಸರಿಯಾಗಿ ಹೊಂದುತ್ತಿತ್ತು ಅಂತ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇದು ಪದಗಳ ತಮಾಷೆ, ನಗಬಹುದು. ಖಾಲಿ ಡಬ್ಬಿಯದು ತಮಾಷೆ ಅಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಮಂದಿ ಮಕ್ಕಳನ್ನು ಅಜ್ಜಿ ಹತ್ರ ಬಿಟ್ಟು ಬೆಂಗಳೂರು, ಮಂಗಳೂರು, ಗೋವಾಕ್ಕೆ ದುಡಿಯಾಕ ಹೋಗ್ತಾರೆ. ದೇವದಾಸಿ ಪದ್ಧತಿಯನ್ನು ೧೯೮೨ರ ಕಾಯ್ದೆಯಲ್ಲೇ ನಿಷೇಧಿಸಿದ್ದರೂ, ಅದರ ನೋವು ಉಂಡ ತಾಯಂದಿರು ನಮ್ಮ ಜಿಲ್ಲೆಯಲ್ಲಿದ್ದಾರೆ, ಅವರ ಮಕ್ಕಳೂ ಶಾಲೆಗೆ ಬರ್ತಾರೆ. ಹಾಸ್ಟೆಲ್ ಮಕ್ಕಳಿದ್ದಾರೆ, ಅಪ್ಪ ಎರಡನೇ ಮನೆ ಮಾಡಿಕೊಂಡ ಮಕ್ಕಳಿದ್ದಾರೆ. ಇವರಿಗೆಲ್ಲ 'ಫಾದರ್' ಅನ್ನೋದು ಸ್ಪೆಲ್ಲಿಂಗ್ ಅಲ್ಲ, ಎಲ್ಲರ ಮುಂದೆ ನಿಂತು ಉತ್ತರ ಕೊಡಬೇಕಾದ ಪ್ರಶ್ನೆ. ಫಾರಂ ಡಿಸೈನ್ ಮಾಡುವಾಗ ಯಾವ ಫೀಲ್ಡಿನ ಮುಂದೆ ಕೆಂಪು ಚುಕ್ಕಿ ಇಡಬೇಕು ಅಂತ ನಾವು ಗಂಟೆಗಟ್ಟಲೆ ಜಗಳ ಆಡ್ತೀವಿ. ೨೦೧೬ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ಪಾಸ್‌ಪೋರ್ಟ್ ಅರ್ಜಿಗೇ ತಂದೆ ಅಥವಾ ತಾಯಿ, ಒಬ್ಬರ ಹೆಸರಿದ್ದರೆ ಸಾಕು ಅಂತ ಆಯ್ತು. ದೇಶ ದಾಟೋಕೆ ಬೇಡದ ಡಬ್ಬಿ ಎರಡನೇ ಕ್ಲಾಸ್ ದಾಟೋಕೆ ಯಾಕೆ ಬೇಕು?

"ಹಂಗಂತ ಫಾದರ್ ಅನ್ನೋ ಪದಾನೇ ಕಲಿಸಬಾರದೇನು? ಪರೀಕ್ಷೆಗೆ ಬರಂಗಿಲ್ಲೇನು?" ಅಂತ ನಮ್ಮಕ್ಕನೇ ಜಗಳಕ್ಕೆ ನಿಂತಳು. ಅವಳ ಮಾತು ಸರಿ. ಎಲ್ಲ ಪದಗಳನ್ನೂ ಕಲಿಸಬೇಕು. ಆದರೆ ಪದ ಕಲಿಯೋಕೆ ಮಗು ತನ್ನ ಮನೆಯನ್ನೇ ಬಿಚ್ಚಿಡಬೇಕಾಗಿಲ್ಲ. ಮೊದಲು ಕಥೆಯ ಮನೆಗಳಲ್ಲಿ ಕಲಿಯಲಿ. ಕೃಷ್ಣನಿಗೆ ಇಬ್ಬರು ಮದರ್, ಕಂಸ ಅವನ ಅಂಕಲ್ (ಎಂಥಾ ಅಂಕಲ್!). ಲವ-ಕುಶರನ್ನು ಬೆಳೆಸಿದ್ದು ಮದರ್ ಒಬ್ಬಳೇ. ಶಕುಂತಲೆಗೆ ಸಾಕು ತಂದೆ ಕಣ್ವ. ಪ್ರವಾದಿ ಮುಹಮ್ಮದರು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು, ಅವರನ್ನು ಸಾಕಿದ್ದು ಅಜ್ಜ, ಆಮೇಲೆ ಅಪ್ಪನ ಸಹೋದರ ಅಬೂ ತಾಲಿಬ್. ದೊಡ್ಡವರ ಮನೆಗಳೇ ಚಾರ್ಟಿನ ಗಿಡದ ಹಾಗೆ ಇರಲಿಲ್ಲ ಅಂತ ಮಕ್ಕಳಿಗೂ ಗೊತ್ತಾಗಲಿ.

ಆಮೇಲೆ ಅವರ ಮನೆ ವಿಷಯ. ಅಲ್ಲೂ "ವಾಟ್ ಈಸ್ ಯುವರ್ ಫಾದರ್?" ಅಂತ ಶುರು ಮಾಡೋ ಬದಲು "ನಿಮ್ಮನ್ಯಾಗ ಯಾರ್ಯಾರು ಇರ್ತೀರಿ?" ಅಂತ ಕೇಳಿದರೆ ಆಯ್ತು. ಐ ಲಿವ್ ವಿತ್ ಮೈ ಗ್ರ್ಯಾಂಡ್‌ಮದರ್. ಇದು ಒಳ್ಳೇ ಇಂಗ್ಲಿಷ್ ವಾಕ್ಯ ಅಷ್ಟೇ ಅಲ್ಲ, ನಿಜ ಕೂಡ. ನಿಜ ಹೇಳೋಕೆ ಕಲಿತ ಭಾಷೆ ಬೇಗ ನಾಲಿಗೆಗೆ ಬರುತ್ತೆ. ಸುಳ್ಳನ್ನು ಬಾಯಿಪಾಠ ಮಾಡಿದವನಿಗೆ ಇಂಟರ್ವ್ಯೂಗಳಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದಾಗ ಗಂಟಲು ಕಟ್ಟುತ್ತಿತ್ತು, ಅದಕ್ಕೇ ಹೇಳ್ತಿದ್ದೀನಿ.

ಆ ಸಂಜೆ ಮೂವರೂ ಸೇರಿ ಹಿಂದಿನ ಖಾಲಿ ಬದಿಯಲ್ಲಿ ಬೇರೆ ಗಿಡ ಬರೆದೆವು. ಆ ಹುಡುಗಿ ಬುಡದಲ್ಲಿ ಅಜ್ಜಿ, ಮೇಲೆ ಅವ್ವ, ಅದರ ಮೇಲೆ ತಾನು. ಒಂದು ಟೊಂಗಿಗೆ ಅವರ ಮನೆ ಆಡು. ಅಪ್ಪು ಫೋಟೋನೂ ಹಚ್ಚಿದಳು, ಆದರೆ ಕೆಳಗೆ 'ಮೈ ಹೀರೋ' ಅಂತ ಬರೆದಳು.

ಶಾಲೆ ಶುರುವಾದ ಮೇಲೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಆ ಹುಡುಗಿಯ ಚಾರ್ಟಿಗೆ ಮಿಸ್ ಏನೂ ಅನ್ನದೆ ರೈಟ್ ಹಾಕಿ ಕೊಟ್ಟರಂತೆ. ನಮ್ಮವಳ ಚಾರ್ಟಿನಲ್ಲಿ ಮಾತ್ರ ನನ್ನ ಫೋಟೋ ಕೆಳಗಿದ್ದ 'ಮಾಮಾ' ಹೊಡೆದು 'ಅಂಕಲ್' ಅಂತ ತಿದ್ದಿದ್ದಾರಂತೆ. ಅವುಂಕುಲುಸ್ ಕಥೆ ಗೊತ್ತಿರೋದ್ರಿಂದ ನಾನೇನೂ ಬೇಜಾರು ಮಾಡ್ಕೊಂಡಿಲ್ಲ :)

ನಿಮ್ಮ ಮನೆಯಲ್ಲೂ ಇಂಗ್ಲಿಷ್ ಡಬ್ಬಿಗೆ ಹಿಡಿಸದ ನೆಂಟರು ಇರಲೇಬೇಕು. ಯಾರು, ಅವರನ್ನು ಏನಂತ ಕರೀತೀರಿ? ಹೇಳಿ, ಕೇಳೋಣ.