ಬೋನಸ್ ಅಂದ್ರೆ ಯಾರ ದುಡ್ಡು?

(1/5)
ಫೋಟೋದಲ್ಲಿ ಇರೋದು ನನ್ನ ಎಕ್ಸೆಲ್ ಶೀಟು. ಬೋರಿಂಗ್ ಅಂತ ಸ್ಕ್ರಾಲ್ ಮಾಡಿ ಮುಂದೆ ಹೋಗ್ಬೇಡಿ, ಇದರಲ್ಲಿ ನಿಮ್ಮ ದುಡ್ಡಿನ ವಿಷಯ ಇದೆ.

ನನ್ನ ಫ್ರೆಂಡ್ ಒಬ್ಬ ಬಿಸಿಎ ಓದ್ತಾನೆ. ಪ್ರಾಜೆಕ್ಟಿಗೆ ಅಂತ ವಿಡಿಯೊ ಪೋಕರ್ ಗೇಮ್ ಮಾಡ್ತಿದ್ದಾನೆ. ಶಿವಮೊಗ್ಗ–ಭದ್ರಾವತಿ ಬಸ್ಸಿನ ಲಾಸ್ಟ್ ಸೀಟಲ್ಲಿ ಕೂತು "ಮಗಾ, ನೀನು ಬಿಕಾಂ ಅಲ್ವಾ, ಪೇ ಟೇಬಲ್ ಲೆಕ್ಕ ನೀನೇ ಮಾಡ್ಕೊಡು. ಬೋನಸ್ ಫೀಚರ್ ಜಬರ್ದಸ್ತಾಗಿ ಇರ್ಬೇಕು" ಅಂದ. ನಾನೂ ಖುಷಿಯಿಂದ ಒಪ್ಪಿಕೊಂಡೆ. ಕೋಡ್ ಬರೆಯೋರ ಮುಂದೆ ಬಿಕಾಂನವರಿಗೆ ಬೆಲೆ ಸಿಗೋದೇ ಅಪರೂಪ ನೋಡಿ.

ಗೊತ್ತಿಲ್ಲದವರಿಗೆ ಆಟ ಹೇಳ್ತೀನಿ. ಎದುರಾಳಿ ಯಾರೂ ಇಲ್ಲ, ನೀವು ಮತ್ತೆ ಮಷಿನ್ ಅಷ್ಟೇ. ಐದು ಇಸ್ಪೀಟೆಲೆ ಬರುತ್ತೆ. ಬೇಕಾದ್ದನ್ನ ಹಿಡ್ಕೊಂಡು ಉಳಿದದ್ದನ್ನ ಒಂದು ಸಲ ಬದಲಾಯಿಸಬಹುದು. ಕೊನೆಗೆ ಕೈಯಲ್ಲಿ ಏನಿದೆಯೋ ಅದಕ್ಕೆ ಟೇಬಲ್ ಪ್ರಕಾರ ದುಡ್ಡು. ಗುಲಾಮನ ಜೋಡಿ ಅಥವಾ ಅದಕ್ಕಿಂತ ದೊಡ್ಡ ಜೋಡಿ ಬಂದ್ರೆ ಹಾಕಿದ ದುಡ್ಡು ವಾಪಸ್. ಎರಡು ಜೋಡಿಗೆ ಎರಡರಷ್ಟು, ನಾಲ್ಕು ಒಂದೇ ಥರದ ಎಲೆಗೆ 25ರಷ್ಟು. 1979ರಲ್ಲಿ ಅಮೆರಿಕದ ನೆವಾಡದಲ್ಲಿ ಸೈ ರೆಡ್ ಅನ್ನೋರ ಕಂಪನಿ ತಂದ 'ಡ್ರಾ ಪೋಕರ್' ಮಷಿನ್‌ನಿಂದ ಇದು ಹಬ್ಬಿತು.

ಈ ಹಳೇ ಟೇಬಲ್‌ನಲ್ಲಿ ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಕೊಟ್ರೆ, ಒಂದೂ ತಪ್ಪು ಮಾಡದೆ ಆಡೋನಿಗೆ ನೂರಕ್ಕೆ 99.54 ವಾಪಸ್ ಬರುತ್ತೆ. ಮಷಿನ್‌ಗೆ ಉಳಿಯೋದು 46 ಪೈಸೆ. ಇಷ್ಟು ಕಮ್ಮಿ ಮಾರ್ಜಿನ್ನಾ ಅಂತ ನಾನು ಬಾಯಿ ಬಿಟ್ಕೊಂಡೆ. ನಮ್ಮ ಕಿರಾಣಿ ಅಂಗಡಿಯವರಿಗೆ ಹೇಳಿದ್ರೆ ನಗ್ತಾರೆ.

(2/5)
ಈಗ 'ಬೋನಸ್' ಸೇರಿಸೋಣ. ಮಾದರಿಗೆ ನಾವು ತಗೊಂಡಿದ್ದು 'ಡಬಲ್ ಬೋನಸ್' ಅನ್ನೋ ಹಳೇ ಆಟ. ನಾಲ್ಕು ಎಕ್ಕ ಬಂದ್ರೆ 25 ಅಲ್ಲ, 160ರಷ್ಟು! ಸ್ಕ್ರೀನ್ ತುಂಬಾ ಪಟಾಕಿ. ಫ್ರೆಂಡ್ ಆ ಅನಿಮೇಶನ್ ಮಾಡಿ ಮುಗಿಸಿಯೂ ಆಗಿತ್ತು, ನಿಜವಾಗಲೂ ಚೆನ್ನಾಗಿತ್ತು.

ಈ ಹೆಚ್ಚಿನ ದುಡ್ಡು ಎಲ್ಲಿಂದ ಬಂತು? ಬಿಕಾಂನಲ್ಲಿ ಮೊದಲು ಕಲಿಸೋದೇ ಇದು. ಒಂದು ಕಡೆ ಡೆಬಿಟ್ ಇದ್ರೆ ಇನ್ನೊಂದು ಕಡೆ ಕ್ರೆಡಿಟ್ ಇರಲೇಬೇಕು. ಹುಡುಕಿದೆ, ಸಿಕ್ತು. ಎರಡು ಜೋಡಿಗೆ ಎರಡರಷ್ಟು ಇದ್ದಿದ್ದನ್ನ ಒಂದಕ್ಕೆ ಇಳಿಸಿದ್ದಾರೆ. ಅಷ್ಟೇ.

ಆ 'ಅಷ್ಟೇ'ಗೆ ಎಷ್ಟಾಗುತ್ತೆ ನೋಡಿ. ಎರಡು ಜೋಡಿ ನೂರು ಕೈಗೆ ಸುಮಾರು 12–13 ಸಲ ಬರುತ್ತೆ. ಕೈಗೆ ₹10 ಅಂತ ಸಾವಿರ ಕೈ ಆಡಿದ್ರೆ ಹತ್ತಿರ ಹತ್ತಿರ ₹1,250 ನಿಮ್ಮ ಜೇಬಿಂದ ಕಟ್. ನಾಲ್ಕು ಎಕ್ಕ ಬರೋದು ಸುಮಾರು 5,000 ಕೈಗೆ ಒಂದು ಸಲ. ಅದರಲ್ಲಿ ಹೆಚ್ಚಿಗೆ ಸಿಗೋ ₹1,350ನ ಸಾವಿರ ಕೈಗೆ ಹಂಚಿದ್ರೆ ₹270. ಒಂದು ಸಂಜೆ 500 ಕೈ ಆಡ್ತೀರಾ ಅಂದ್ಕೊಳ್ಳಿ. ಹತ್ತು ಸಂಜೆಯಲ್ಲಿ ಒಂಬತ್ತು ಸಂಜೆ ಆ ಪಟಾಕಿ ನಿಮ್ಮ ಕಣ್ಣಿಗೇ ಬೀಳಲ್ಲ. ಕಟ್ ಆಗೋದು ಮಾತ್ರ ಪ್ರತಿ ಸಂಜೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳ್ಬೇಕು. ಉಳಿದ 'ನಾಲ್ಕು ಒಂದೇ ಥರ'ಕ್ಕೂ ಏರಿಸಿ, ಸ್ಟ್ರೇಟ್‌ಗೆ 5, ಫ್ಲಶ್‌ಗೆ 7, ಫುಲ್ ಹೌಸ್‌ಗೆ 10 ಕೊಟ್ರೆ ಎಲ್ಲಾ ವಾಪಸ್ ಬರುತ್ತೆ. ಆ ಟೇಬಲ್‌ನಲ್ಲಿ ತಪ್ಪಿಲ್ಲದೆ ಆಡೋನಿಗೆ 100.17 ಸಿಗುತ್ತೆ. ಅಂದ್ರೆ ಬೋನಸ್ ಆಟ ಎಲ್ಲಾ ಕಡೆ ಮೋಸ ಅಂತಲ್ಲ. ಆದ್ರೆ ಫುಲ್ ಹೌಸ್‌ನ 9ಕ್ಕೆ, ಫ್ಲಶ್‌ನ 6ಕ್ಕೆ ಇಳಿಸಿ ನೋಡಿ. 97.8ಕ್ಕೆ ಬಿತ್ತು. ಪಟಾಕಿ ಅದೇ, ಎಕ್ಕಗಳಿಗೆ 160 ಅದೇ. ಬದಲಾಗಿದ್ದು ಎರಡು ಚಿಕ್ಕ ಅಂಕಿ. ಗಂಟೆಗೆ 600 ಕೈ ಆಡೋನು ₹6,000 ಟರ್ನೋವರ್ ಮಾಡ್ತಾನೆ, ಅದರಲ್ಲಿ ಗಂಟೆಗೆ ₹130ರಷ್ಟು ಹೋಗುತ್ತೆ. ಅದೂ ಅವನು ಒಂದೂ ತಪ್ಪು ಮಾಡದಿದ್ರೆ. ಒಂದೂ ತಪ್ಪು ಮಾಡದೆ ಆಡೋರು ನಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ.

ಫ್ರೆಂಡ್ ಆ ಎರಡು ಅಂಕಿ ಇಳಿಸು ಅಂದ. "ಯಾರು ನೋಡ್ತಾರೆ ಮಗಾ ಅದನ್ನ?"

(3/5)
ನಮ್ಮೂರು ಭದ್ರಾವತಿ. ಇಲ್ಲಿ ಬೋನಸ್ ಅನ್ನೋ ಪದಕ್ಕೆ ಒಂದು ತೂಕ ಇತ್ತು. ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್ಲು ಎರಡೂ ಜೋರಾಗಿ ಓಡ್ತಿದ್ದ ಕಾಲದಲ್ಲಿ ಊರಿನ ಬಟ್ಟೆ ಅಂಗಡಿಗಳು ಕಾಯ್ತಿದ್ದಿದ್ದೇ ಬೋನಸ್ ದಿನಕ್ಕೆ ಅಂತ ಅಜ್ಜಿ ಹೇಳ್ತಾರೆ. ಅಜ್ಜಿ ಹತ್ರ ಇವತ್ತಿಗೂ ಒಂದು 'ಬೋನಸ್ ಸೀರೆ' ಇದೆ. ಮಿಲ್ಲು ನಿಂತೋಯ್ತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚೋ ನಿರ್ಧಾರ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ದು ನಿಮಗೂ ನೆನಪಿರ್ಬೇಕು. ಸೀರೆ ಮಾತ್ರ ಟ್ರಂಕಲ್ಲಿ ಹಾಗೇ ಇದೆ.

1965ರ ಬೋನಸ್ ಕಾಯ್ದೆ ನಾವು ಓದಿದ್ದೀವಲ್ಲ? ಕಮ್ಮಿ ಅಂದ್ರೆ 8.33%, ಹೆಚ್ಚು ಅಂದ್ರೆ 20%. ಕಂಪನಿಗೆ ನಷ್ಟ ಆದ್ರೂ ಆ ಮಿನಿಮಮ್ ಕೊಡಲೇಬೇಕು. ಯಾಕಂದ್ರೆ ಅದು ದುಡಿದವನ ಪಾಲು, ಮಾಲೀಕನ ಜೇಬಿಂದ ಬರೋದು. ಗೇಮ್‌ನವರ ಬೋನಸ್ ಉಲ್ಟಾ. ನಿಮ್ಮ ಚಿಲ್ಲರೆಯನ್ನೇ ಕಿತ್ಕೊಂಡು, ಕೂಡಿಟ್ಟು, ಐದು ಸಾವಿರ ಕೈಗೆ ಒಬ್ಬನಿಗೆ ಕೊಟ್ಟು ಡೋಲು ಬಡಿಯೋದು. ಅಜ್ಜಿ ಸೀರೆಗೂ ಇದಕ್ಕೂ ಒಂದೇ ಪದ ಬಳಸ್ತಾರಲ್ಲ, ನನಗೆ ಉರಿಯೋದು ಅಲ್ಲಿ.

ಇನ್ನೊಂದು ಕುತಂತ್ರ ಇದೆ. ಎರಡು ಜೋಡಿಗೆ ಒಂದರಷ್ಟು ಅಂದ್ರೆ ನೀವು ಹಾಕಿದ ₹10 ನಿಮಗೇ ವಾಪಸ್, ಅಷ್ಟೇ ತಾನೇ? ಸ್ಕ್ರೀನ್ ಮೇಲೆ ಬರೋದು 'ಯು ವಿನ್', ಜೊತೆಗೆ ಟಿಣ್ ಟಿಣ್ ಸೌಂಡು. ದೊಡ್ಡ ಜೋಡಿಗಳನ್ನೂ ಸೇರಿಸಿದ್ರೆ ನೂರರಲ್ಲಿ ಮೂವತ್ತಕ್ಕೂ ಹೆಚ್ಚು ಸಲ ನೀವು ಏನೂ ಗೆಲ್ಲದೆ ಗೆಲ್ತೀರಿ. ಬಸ್ಸಲ್ಲಿ ಕಂಡಕ್ಟರ್ ಬಾಕಿ ಚಿಲ್ಲರೆ ವಾಪಸ್ ಕೊಟ್ಟಿದ್ದಕ್ಕೆ ಚಪ್ಪಾಳೆ ತಟ್ಟಿದ ಹಾಗೆ.

(4/5)
"ಫ್ರೀ ಕಾಯಿನ್ ಆಟ, ದುಡ್ಡೇ ಇಲ್ಲ, ಕಾನೂನಿಗೂ ಇದಕ್ಕೂ ಏನು ಸಂಬಂಧ?" ಇದು ಫ್ರೆಂಡ್‌ನ ವಾದ. ಕಾನೂನಿನ ಮಟ್ಟಿಗೆ ಅವನು ಹೇಳೋದು ಸರಿ. ಕರ್ನಾಟಕ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡ್ತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸೋ ಕಾಯ್ದೆ ಪಾಸ್ ಮಾಡ್ತು. ಸ್ಕಿಲ್ಲೋ ಲಕ್ಕೋ ಅನ್ನೋ ಭೇದ ಅದರಲ್ಲಿಲ್ಲ. ಆಡಿಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡೋನಿಗೆ ಶಿಕ್ಷೆ ಇಲ್ಲ. ದುಡ್ಡಿಲ್ಲದ ಆಟ ಅದರ ಹೊರಗೆ.

ಆದ್ರೆ ಫ್ರೀ ಕಾಯಿನ್‌ನಲ್ಲಿ ಕಲಿಯೋದು ಏನು? ಎರಡು ಜೋಡಿ ಬಂದಾಗ ಖುಷಿ ಪಡೋದು, ಎಕ್ಕಕ್ಕೆ ಕಾಯೋದು, ಟೇಬಲ್ ಓದದೇ ಇರೋದು. ನಾನು ಕಲಿತಿದ್ದೇ ಹಾಗೆ.

ಹೌದು, ನಾನು. ಕಳೆದ ವರ್ಷ ಒಂದು ಕಾರ್ಡ್ ಆಪ್‌ಗೆ ₹1,800 ಹೋಯ್ತು. ಪರೀಕ್ಷೆ ಫೀಸ್ ದುಡ್ಡು ಅದು. ಶುರುವಾಗಿದ್ದು ಫ್ರೀ ಕಾಯಿನ್‌ನಿಂದ, ಆಮೇಲೆ ₹50 'ವೆಲ್ಕಮ್ ಬೋನಸ್'. ಆ ಐವತ್ತನ್ನ ವಿತ್‌ಡ್ರಾ ಮಾಡೋಕೆ ಮೊದಲು ಅದರ ಎಷ್ಟೋ ಪಟ್ಟು ನನ್ನ ದುಡ್ಡಲ್ಲಿ ಆಡ್ಬೇಕಿತ್ತು. ಅಮ್ಮನಿಗೆ ಕಾಲೇಜಲ್ಲಿ ಎಕ್ಸ್‌ಟ್ರಾ ಫೀಸ್ ಕೇಳಿದ್ದಾರೆ ಅಂದೆ. ಅಮ್ಮ ಏನೂ ಕೇಳದೆ ಡಬ್ಬದಿಂದ ತೆಗೆದುಕೊಟ್ಟರು. ಈ ಪೋಸ್ಟ್ ಹಾಕೋ ಮುಂಚೆ ಅವರಿಗೆ ನಿಜ ಹೇಳಿದ್ದೀನಿ. ಎರಡು ದಿನ ಮಾತಾಡಲಿಲ್ಲ.

(5/5)
ಇನ್ನು ಗೇಮ್ ಮಾಡೋ ಗೆಳೆಯರಿಗೆ. ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಪೋಕರ್ ಒಳ್ಳೇ ಲೆಕ್ಕದ ಆಟ, ಯಾವ ಎಲೆ ಹಿಡೀಬೇಕು ಅನ್ನೋದ್ರಲ್ಲಿ ನಿಜವಾದ ಬುದ್ಧಿವಂತಿಕೆ ಇದೆ. ಆದ್ರೆ ಟೇಬಲ್ ಬರೆಯೋನ ಕೈಯಲ್ಲಿರೋ ಪೆನ್ನಿನ ಮುಂದೆ ಆ ಬುದ್ಧಿ ಎಷ್ಟು ನಡೆಯುತ್ತೆ? ಹಾಗಾಗಿ ಕೇಳೋದು ಎರಡೇ. ನೂರಕ್ಕೆ ಎಷ್ಟು ವಾಪಸ್ ಅನ್ನೋದನ್ನ ಮೊದಲ ಸ್ಕ್ರೀನಲ್ಲೇ ಹಾಕಿ. 160 ಅಂತ ಎಷ್ಟು ದೊಡ್ಡ ಅಕ್ಷರದಲ್ಲಿ ಬರೀತೀರೋ, 'ಎರಡು ಜೋಡಿಯಿಂದ ಕಟ್ ಮಾಡಿದ್ದೀವಿ' ಅಂತ ಅಷ್ಟೇ ದೊಡ್ಡದಾಗಿ ಬರೀರಿ. ಬರೆದ ಮೇಲೂ ಜನ ಆಡಿದ್ರೆ ಆಡಲಿ.

ಫ್ರೆಂಡ್‌ಗೆ ಇದನ್ನೇ ಹೇಳಿದೆ. "ಹಂಗ್ ಬರೆದ್ರೆ ಯಾವನ್ ಆಡ್ತಾನೆ?" ಅಂದ. ಅದಕ್ಕೇ ನಾನು 9/6 ಶೀಟ್ ಮಾಡ್ಕೊಡಲಿಲ್ಲ. ಒಂದು ವಾರದಿಂದ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂರ್ತಿದ್ದಾನೆ. ಅವನು ಇದನ್ನ ಓದ್ತಾನೆ ಅಂತ ಗೊತ್ತು. ಯಾರು ಅಂತ ಗೊತ್ತಿರೋರು ದಯವಿಟ್ಟು ಕಾಮೆಂಟಲ್ಲಿ ಟ್ಯಾಗ್ ಮಾಡ್ಬೇಡಿ. ಹುಡುಗ ಒಳ್ಳೆಯವನು, ಲಾಸ್ಟ್ ಸೀಟು ಇನ್ನೂ ಖಾಲಿ ಇದೆ.

ಶೀಟ್ ಬೇಕಾದೋರು ಡಿಎಂ ಮಾಡಿ. ಹಳದಿ ಕಾಲಂನ ಅಂಕಿ ಬದಲಾಯಿಸಿದ್ರೆ ಕೆಳಗಡೆ ಪರ್ಸೆಂಟ್ ತಾನೇ ಬದಲಾಗುತ್ತೆ.

#ಭದ್ರಾವತಿ #ಶಿವಮೊಗ್ಗ #ಬಿಕಾಂಹುಡುಗರು