ಜೋಡೆತ್ತಿನ ಬಂಡಿ

ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಸೊರಗಿದರೆ ಬಂಡಿ ಕೂಡಲೇ ನಿಲ್ಲುವುದಿಲ್ಲ. ಜೊತೆಯ ಎತ್ತು ತನ್ನ ಪಾಲಿನ ಭಾರದೊಂದಿಗೆ ಅದರ ಪಾಲನ್ನೂ ಎಳೆದು, ಸಂಜೆಯ ಹೊತ್ತಿಗೆ ಹೇಗೋ ಮನೆ ಮುಟ್ಟಿಸುತ್ತದೆ. ಬಂಡಿಯನ್ನು ಮಾತ್ರ ನೋಡುವ ರೈತನಿಗೆ ಎಲ್ಲವೂ ಸರಿಯಾಗಿದೆಯೆಂದೇ ತೋರುತ್ತದೆ. ಎತ್ತುಗಳ ಮೈದಡವಿ, ಹೆಗಲು ಮುಟ್ಟಿ ನೋಡಿ, ಮೇವಿನ ಲೆಕ್ಕವಿಡುವವನಿಗೆ ಮಾತ್ರ ಒಳಗಿನ ಸಂಗತಿ ತಿಳಿಯುತ್ತದೆ. ಪೆಟ್ರೋಲು ಎಂಜಿನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ನೊಗಕ್ಕೆ ಕಟ್ಟಿದ ಹೈಬ್ರಿಡ್ ಕಾರಿನ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಈ ಜೋಡಿಯ ಕಲ್ಪನೆ ಹೊಸದೇನೂ ಅಲ್ಲ. 1900ರಷ್ಟು ಹಿಂದೆಯೇ ಫರ್ಡಿನಾಂಡ್ ಪೋರ್ಷೆ ಎಂಬ ತರುಣ ಎಂಜಿನಿಯರನು ವಿಯೆನ್ನಾದ ಲೋನರ್ ಸಂಸ್ಥೆಯಲ್ಲಿದ್ದಾಗ, ಪೆಟ್ರೋಲು ಎಂಜಿನಿನಿಂದ ವಿದ್ಯುತ್ತನ್ನು ಪಡೆದು ಅದರಿಂದ ಗಾಲಿಗಳನ್ನು ತಿರುಗಿಸುವ ವಾಹನವೊಂದನ್ನು ಕಟ್ಟಿದ್ದನು. ಮುಂದೆ ಬಹುಕಾಲ ಅದನ್ನು ಕೇಳುವವರಿಲ್ಲದೆ ಹೋಯಿತು. 1997ರ ಡಿಸೆಂಬರಿನಲ್ಲಿ ಟೊಯೋಟಾ ಸಂಸ್ಥೆಯು ಜಪಾನಿನಲ್ಲಿ ‘ಪ್ರಿಯಸ್’ ಕಾರನ್ನು ಮಾರಾಟಕ್ಕೆ ತಂದ ಮೇಲೆ ಆ ಕಲ್ಪನೆಗೆ ಮರುಹುಟ್ಟು ಲಭಿಸಿತು. ಕನ್ನಡನಾಡಿಗೂ ಇದರಲ್ಲಿ ಪಾಲುಂಟು. ಬಿಡದಿಯ ಕಾರ್ಖಾನೆಯಲ್ಲಿ 2022ರಿಂದ ಹೈರೈಡರ್, ಇನ್ನೋವಾ ಹೈಕ್ರಾಸ್ ಎಂಬ ಹೈಬ್ರಿಡ್ ಕಾರುಗಳು ತಯಾರಾಗತೊಡಗಿದವು.

ಈ ಎರಡು ‘ಎತ್ತು’ಗಳ ಗುಣ ಒಂದಕ್ಕೊಂದು ಪೂರಕವಾದುದು. 1880ರ ದಶಕದಲ್ಲಿ ಜೇಮ್ಸ್ ಆಟ್ಕಿನ್ಸನ್ ಎಂಬ ಆಂಗ್ಲ ಎಂಜಿನಿಯರನು ಸೂಚಿಸಿದ ತತ್ತ್ವವನ್ನು ಅನುಸರಿಸಿ ಈ ಕಾರುಗಳ ಎಂಜಿನು ಉರಿದ ಅನಿಲವನ್ನು ಹೆಚ್ಚು ದೂರ ಹಿಗ್ಗಗೊಟ್ಟು, ಅದರ ಶಕ್ತಿಯನ್ನು ಆದಷ್ಟೂ ಹಿಂಡಿಕೊಳ್ಳುತ್ತದೆ. ಇದರಿಂದ ಪೆಟ್ರೋಲು ಉಳಿಯುತ್ತದೆ. ಆದರೆ ನಿಂತಲ್ಲಿಂದ ಹೊರಡುವಾಗ ಬಲ ಸಾಲದು. ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ. ಇನ್ನು ಬ್ರೇಕಿನ ವಿಷಯ. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ಡಿನಲ್ಲಿ ಮೋಟಾರೇ ಆಗ ಡೈನಮೋ ಆಗಿ, ಆ ಶಕ್ತಿಯ ಬಹುಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ಯಾಟರಿಯೇನೂ ದೊಡ್ಡ ಕಣಜವಲ್ಲ. ಹೈರೈಡರಿನದು ಸುಮಾರು 0.76 ಕಿಲೋವಾಟ್ ಗಂಟೆಯದು. ಮನೆಯ ಮೀಟರಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟು ಮಾತ್ರ. ಆದಕಾರಣ ಅದು ಕೂಡಿಡುವ ಗಂಟಲ್ಲ. ದಿನಕ್ಕೆ ನೂರು ಬಾರಿ ಕೊಟ್ಟು ತೆಗೆದುಕೊಳ್ಳುವ ಕೈಚೀಲ. ಕೊಡುಕೊಳೆ ಸಲೀಸಾಗಿ ನಡೆಯುವವರೆಗೆ ಮಾತ್ರ ಉಳಿತಾಯ.

ಈ ಕೊಡುಕೊಳೆ ಕೆಟ್ಟರೆ ಏನಾಗುವುದೆಂಬುದನ್ನು ಬೆಂಗಳೂರಿನ ಬಾಡಿಗೆ ಕಾರಿನ ಚಾಲಕನೊಬ್ಬನು ತಿಳಿದುಕೊಂಡ ಬಗೆ ಹೀಗಿದೆ. ಸಾಲ ಮಾಡಿ, ಒಬ್ಬರು ಓಡಿಸಿ ಮಾರಿದ ಹೈಬ್ರಿಡ್ ಕಾರನ್ನು ಅವನು ಕೊಂಡಿದ್ದನು. ತಿಂಗಳಿಗೆ ಮೂರು ಸಾವಿರ ಕಿಲೋಮೀಟರು ಓಟ. ಮೊದಮೊದಲು ಲೀಟರಿಗೆ 22 ಕಿಲೋಮೀಟರು ಬರುತ್ತಿದ್ದುದು, ವರ್ಷ ಕಳೆಯುವಷ್ಟರಲ್ಲಿ 17ಕ್ಕೆ ಇಳಿಯಿತು. ಸದ್ದಿಲ್ಲ, ಹೊಗೆಯಿಲ್ಲ, ಎಚ್ಚರಿಕೆಯ ದೀಪವಿಲ್ಲ. ಕಾರು ಎಂದಿನಂತೆಯೇ ಓಡುತ್ತಿತ್ತು. ಆದರೆ ತಿಂಗಳಿಗೆ ನಲವತ್ತು ಲೀಟರು ಪೆಟ್ರೋಲು ಹೆಚ್ಚಾಗಿ ಹೋಗುತ್ತಿತ್ತು. ಬ್ಯಾಂಕಿನ ಕಂತಿಗೆಂದು ಎತ್ತಿಟ್ಟ ಹಣ ಪೆಟ್ರೋಲು ಬಂಕಿನ ಪಾಲಾಗತೊಡಗಿತು. ಬಲ್ಲವರೆನಿಸಿಕೊಂಡವರೊಬ್ಬರು, “ದೊಡ್ಡ ಬ್ಯಾಟರಿ ಸತ್ತಿದೆ, ಬದಲಾಯಿಸಬೇಕು” ಎಂದು ತೀರ್ಪು ಕೊಟ್ಟರು. ಅದರ ಬೆಲೆ ಕೇಳಿದಾಗ ಅವನಿಗೆ ಮೂಗಿಗಿಂತ ಮೂಗುತಿ ಭಾರವೆಂಬ ಮಾತು ನೆನಪಾಯಿತು. ಹೆಂಡತಿಯ ಎರಡೆಳೆ ಸರವನ್ನು ಒತ್ತೆಯಿಡುವ ಮಾತು ಮನೆಯಲ್ಲಿ ನಡೆಯಿತು. ಅವಳು ಅಡ್ಡಿ ಹೇಳಲಿಲ್ಲ. ಸರವನ್ನು ತೆಗೆದು ಕಾಗದದಲ್ಲಿ ಸುತ್ತಿಟ್ಟಳು.

ಮರುದಿನ ಅವನು ಕೊನೆಯ ಮಾತು ಕೇಳಲೆಂದು, ಯಶವಂತಪುರದ ಕಡೆಯ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಹೋದನು. ಮೇಸ್ತ್ರಿ ಬಾನೆಟ್ಟನ್ನು ಎತ್ತಲಿಲ್ಲ. ಹಿಂಬಾಗಿಲನ್ನು ತೆರೆದು, ಆಸನದ ಬದಿಯನ್ನು ಕೈಯಿಂದ ತಡಕಿದರು.

“ಈ ಗವುಸು ಯಾವಾಗ ಹಾಕಿಸಿದೆ, ತಮ್ಮಾ?”

“ಹೋದ ವರ್ಷ, ಮೇಸ್ತ್ರಿಗಳೇ. ಪ್ರಯಾಣಿಕರಿಗೆ ಮೆತ್ತಗಿರಲಿ ಅಂತ.”

“ಪ್ರಯಾಣಿಕರಿಗೆ ಮೆತ್ತಗಾಯಿತು; ಬ್ಯಾಟರಿಗೆ ಉಸಿರು ಕಟ್ಟಿತು.”

ಗವುಸನ್ನು ಸರಿಸಿದಾಗ ಆಸನದ ಬದಿಯಲ್ಲಿ ಅಂಗೈಯಗಲದ ಜಾಲರಿಯೊಂದು ಕಾಣಿಸಿತು. ಬ್ಯಾಟರಿಯನ್ನು ತಂಪಾಗಿಡುವ ಗಾಳಿಯನ್ನು ಫ್ಯಾನು ಒಳಗೆಳೆದುಕೊಳ್ಳುವ ದಾರಿ ಅದು. ಅದರ ಹಿಂದಿನ ಶೋಧಕದಲ್ಲಿ ಧೂಳು, ಹತ್ತಿಯ ನೂಲು, ಕೂದಲು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಗಾಳಿ ಸಿಗದೆ ಬ್ಯಾಟರಿ ಬಿಸಿಯಾಗುತ್ತಿತ್ತು. ಬಿಸಿಯಾದಾಗಲೆಲ್ಲ ಕಾರಿನ ಗಣಕವು ಅದನ್ನು ಕಾಪಾಡಲೆಂದು ಕೊಡುಕೊಳೆಯನ್ನು ತಗ್ಗಿಸುತ್ತಿತ್ತು. ಆ ಭಾರವನ್ನೆಲ್ಲ ಎಂಜಿನು ಮೌನವಾಗಿ ಹೊರುತ್ತಿತ್ತು. ಬಂಡಿ ಓಡುತ್ತಿತ್ತು, ಒಂದು ಎತ್ತು ಸೊರಗುತ್ತಿತ್ತು.

ಶೋಧಕವನ್ನು ಶುಚಿಗೊಳಿಸಿ, ಟೈರುಗಳಿಗೆ ಗಾಳಿ ತುಂಬಿಸಿ, ಗವುಸನ್ನು ಜಾಲರಿಯ ಅಳತೆಗೆ ಕತ್ತರಿಸಿದ ಮೇಲೆ, ಎರಡು ವಾರಗಳಲ್ಲಿ ಮೈಲೇಜು 20ಕ್ಕೆ ಏರಿತು. ಪೂರ್ತಿ 22ಕ್ಕೆ ಮರಳಲಿಲ್ಲ. ವರ್ಷವಿಡೀ ಬೆಂದ ಬ್ಯಾಟರಿ ತನ್ನ ಆಯುಷ್ಯದ ಒಂದು ಪಾಲನ್ನು ಕಳೆದುಕೊಂಡಿತ್ತು. ಅದನ್ನು ಯಾವ ಮೇಸ್ತ್ರಿಯೂ ಮರಳಿ ಕೊಡಲಾರ. ಆದರೂ ಸರ ಮನೆಯಲ್ಲಿಯೇ ಉಳಿಯಿತು.

ಈ ಜಾಲರಿ ಎಲ್ಲ ಕಾರುಗಳಲ್ಲಿಯೂ ಒಂದೇ ಸ್ಥಳದಲ್ಲಿರುವುದಿಲ್ಲ. ಕಾರಿನೊಡನೆ ಬರುವ ಕೈಪಿಡಿಯನ್ನು ನೋಡಿ ತಿಳಿದುಕೊಳ್ಳಬೇಕು. ಅದರ ಮೇಲೆ ಚೀಲ, ಹೊದಿಕೆ, ತರಕಾರಿಯ ಬುಟ್ಟಿ ಯಾವುದನ್ನೂ ಇಡಬಾರದು. ಧೂಳಿನ ಊರುಗಳಲ್ಲಿ ಶೋಧಕವನ್ನು ಹೆಚ್ಚು ಬಾರಿ ನೋಡುವುದು ಮೇಲು.

ಗಮನಿಸಬೇಕಾದ ಬೇರೆ ಸಂಗತಿಗಳೂ ಉಂಟು. ಮೊದಲನೆಯದು 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯಲ್ಲಿ ಎಷ್ಟು ಶಕ್ತಿಯಿದ್ದರೂ ಅದರ ಬಾಗಿಲು ತೆರೆಯುವುದು ಈ ಸಣ್ಣದರಿಂದಲೇ. ಇದು ಬರಿದಾದರೆ, ಭಂಡಾರ ತುಂಬಿದ್ದೂ ಬೀಗದ ಕೈ ಕಳೆದ ಮನೆಯಂತೆ ಕಾರು ಕದಲದು. ತಿಂಗಳುಗಟ್ಟಲೆ ಊರಿಗೆ ಹೋಗುವವರು ಇದನ್ನು ನೆನಪಿಡಬೇಕು. ಎರಡನೆಯದು ಬ್ರೇಕು. ಮೋಟಾರೇ ಓಟವನ್ನು ತಗ್ಗಿಸುವುದರಿಂದ ಬ್ರೇಕಿನ ಪ್ಯಾಡುಗಳು ಬಹುಕಾಲ ಬಾಳುತ್ತವೆ. ಆದರೆ ಬಳಕೆ ಕಡಿಮೆಯಾದುದರಿಂದಲೇ, ಮಲೆನಾಡಿನ ಮಳೆಯಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲೂ ಅದರ ಭಾಗಗಳು ತುಕ್ಕು ಹಿಡಿದು ಬಿಗಿದುಕೊಳ್ಳುವುದುಂಟು. ಬಿಗಿದ ಬ್ರೇಕು ಗಾಲಿಯನ್ನು ಸದಾ ಹಿಡಿದಿದ್ದು ಪೆಟ್ರೋಲನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸುವುದು ಲೇಸು. ಮೂರನೆಯದು ಎಂಜಿನ್ ಆಯಿಲು. ಕೈಪಿಡಿ ತೆಳುವಾದ ಆಯಿಲನ್ನು ವಿಧಿಸಿರುವಲ್ಲಿ ದಪ್ಪನೆಯದನ್ನು ಹಾಕಿದರೆ, ಎಂಜಿನು ಆಗಾಗ ನಿಂತು ಹೊರಡುವ ಇಂಥ ಕಾರಿನಲ್ಲಿ ನಷ್ಟವೇ ಸರಿ. ನಾಲ್ಕನೆಯದು ಟೈರಿನ ಗಾಳಿ. ಬೆಳಗ್ಗೆ ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಇವೆಲ್ಲಕ್ಕೂ ಮಿಗಿಲಾದ ಒಂದು ಎಚ್ಚರಿಕೆ ಉಂಟು: ಕಿತ್ತಳೆ ಬಣ್ಣದ ವೈರುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಇರುತ್ತದೆ. ತರಬೇತಿ ಪಡೆದವರ ಹೊರತು ಇತರರು ಅವನ್ನು ಮುಟ್ಟಲಾಗದು.

ಓಡಿಸುವ ರೀತಿಯಲ್ಲಿಯೂ ಹಳೆಯ ಅಭ್ಯಾಸಗಳು ಕೆಲವು ಇಲ್ಲಿ ತಿರುಗುಬಾಣವಾಗುತ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಗೇರನ್ನು ನ್ಯೂಟ್ರಲ್ಲಿಗೆ ತಳ್ಳುವುದು ಜಾಣತನವೆಂದು ಅನೇಕರ ನಂಬಿಕೆ. ಟೊಯೋಟಾ ಮಾದರಿಯ ಹೈಬ್ರಿಡ್ಡಿನಲ್ಲಿ ನ್ಯೂಟ್ರಲ್ಲಿದ್ದಷ್ಟು ಹೊತ್ತು ಬ್ಯಾಟರಿಗೆ ಚಾರ್ಜು ಸೇರದು. ಏಸಿ ಮಾತ್ರ ಅದನ್ನು ಹೀರುತ್ತಿರುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದಂತೂ ಮರಳಿ ಬರಬೇಕಾದ ಶಕ್ತಿಯನ್ನು ಚೆಲ್ಲುವುದಲ್ಲದೆ, ಅಪಾಯವನ್ನು ಕರೆಯುವುದೂ ಹೌದು. ಒಂದೂವರೆ ಟನ್ನಿನ ಕಾರು ನೂರು ಮೀಟರು ಎತ್ತರದಿಂದ ಇಳಿದರೆ ಸುಮಾರು 0.4 ಯೂನಿಟ್ಟಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಈ ಲೆಕ್ಕದಂತೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ, ಘಾಟಿ ಅರ್ಧ ಮುಗಿಯುವಷ್ಟರಲ್ಲೇ ಬ್ಯಾಟರಿ ತುಂಬಿಬಿಡಬಹುದು. ಆಮೇಲೆ ಅದಕ್ಕೆ ಶಕ್ತಿಯನ್ನು ಹಿಡಿದಿಡಲು ಎಡೆಯಿಲ್ಲ. ಆದಕಾರಣ ಉದ್ದವಾದ ಇಳಿಜಾರಿನಲ್ಲಿ, ಗೇರಿನ ಬಳಿ ‘ಬಿ’ ಎಂಬ ಸ್ಥಾನವಿದ್ದರೆ ಅದನ್ನು ಬಳಸಿ, ಎಂಜಿನಿನ ತಡೆಯ ನೆರವು ಪಡೆಯಬೇಕು.

ನಗರದಲ್ಲಿ ಮುಂದಿನ ದೀಪ ಕೆಂಪಾಗುವುದನ್ನು ದೂರದಿಂದಲೇ ಕಂಡು ಮೆಲ್ಲಗೆ, ಬೇಗನೆ ಬ್ರೇಕು ಒತ್ತಿದರೆ ಮೋಟಾರು ಹೆಚ್ಚು ಶಕ್ತಿಯನ್ನು ಹಿಂದಕ್ಕೆ ಪಡೆಯುತ್ತದೆ. ತಟ್ಟನೆ ಒತ್ತಿದರೆ ಪ್ಯಾಡುಗಳು ಅದನ್ನು ಬಿಸಿಯಾಗಿಸಿ ಕಳೆಯುತ್ತವೆ. ಹೆದ್ದಾರಿಯಲ್ಲಿ ಬ್ರೇಕಿನ ಕೆಲಸವೇ ಕಡಿಮೆಯಾದ್ದರಿಂದ ಹೈಬ್ರಿಡ್ಡಿನ ಮೇಲುಗೈಯೂ ಕಡಿಮೆ. ವೇಗವನ್ನು ಗಂಟೆಗೆ 80ರಿಂದ 100 ಕಿಲೋಮೀಟರಿಗೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟನ್ನು ಮೀರುತ್ತದೆ. ಅಲ್ಲಿ ಉಳಿತಾಯ ಚಾಲಕನ ಪಾದದಲ್ಲಿಯೇ ಇದೆ.

ಮೇಸ್ತ್ರಿಯವರು ಅಂದು ಕೂಲಿಯಾಗಿ ಪಡೆದದ್ದು ಅಲ್ಪ ಮೊತ್ತ. ಹೊರಡುವಾಗ ಅವರು ಕೇಳಿದ ಪ್ರಶ್ನೆಯೊಂದು ಚಾಲಕನಿಗೆ ಅದಕ್ಕಿಂತ ಹೆಚ್ಚಿನದಾಗಿ ತೋರಿತು: “17ಕ್ಕೆ ಇಳಿದದ್ದು ತಿಳಿಯಿತು. ಆದರೆ 21 ಆದದ್ದು ಯಾವ ತಿಂಗಳು, ತಮ್ಮಾ?” ಅವನಲ್ಲಿ ಉತ್ತರವಿರಲಿಲ್ಲ. ಆ ತಿಂಗಳಲ್ಲೇ ತಿಳಿದಿದ್ದರೆ ಬ್ಯಾಟರಿ ಬೇಯುತ್ತಿರಲಿಲ್ಲ.

ಈಗ ಅವನ ಕಾರಿನಲ್ಲಿ ದೇವರ ಪಟದ ಕೆಳಗೆ ಎರಡಾಣೆ ದಪ್ಪದ ಒಂದು ಪುಸ್ತಕವಿದೆ. ಪೆಟ್ರೋಲು ಹಾಕಿಸಿದಾಗಲೆಲ್ಲ ದಿನಾಂಕ, ಲೀಟರು, ಓಡಿದ ದೂರ ಇವನ್ನು ಅದರಲ್ಲಿ ಬರೆಯುತ್ತಾನೆ. ತಿಂಗಳ ಕೊನೆಗೆ ಭಾಗಾಕಾರ ಮಾಡಿಕೊಡುವುದು ಅವನ ಹೆಂಡತಿ. ಎತ್ತುಗಳು ಬಾಯಿಬಿಟ್ಟು ಹೇಳುವುದಿಲ್ಲ. ಮೇವಿನ ಲೆಕ್ಕ ಹೇಳುತ್ತದೆ.